ಫಾಲ್ಸ್‌ಗೆ ಪಾರ್ಕಿಂಗ್ ಬ್ಯಾಡ್ರೀ, ಬಸ್ ಬಿಡ್ರಿ

ಮೊದಲೇ ಒಂದು ತಪ್ಪೊಪ್ಪಿಗೆ. ಕೆಳಗೆ ನಾನು ಯಾರ್ಯಾರನ್ನ ಬೈದಿದ್ದೀನೋ ಆ ಗುಂಪಿನಲ್ಲಿ ನಾನೂ ಇದ್ದೀನಿ. ಹೋದ ಮಳೆಗಾಲದ ಒಂದು ಭಾನುವಾರ ಗೋಕಾಕ ಫಾಲ್ಸ್ ಹತ್ತಿರ ಅರ್ಧ ಡಾಂಬರಿನ ಮೇಲೆ, ಅರ್ಧ ಕೆಸರಿನಲ್ಲಿ ಸಾಲಾಗಿ ನಿಂತಿದ್ದ ಕಾರುಗಳಲ್ಲಿ ಒಂದು ನಂದು. ಬೆಂಗಳೂರಿನ ರಿಜಿಸ್ಟ್ರೇಶನ್, ಮುಂದಿನ ಗ್ಲಾಸಿನ ಮೇಲೆ ಕಂಪನಿಯ ಪಾರ್ಕಿಂಗ್ ಸ್ಟಿಕ್ಕರ್. ನೋಡಿದವರು ಮನಸ್ಸಿನಲ್ಲೇ ಬೈಕೊಂಡಿದ್ರೆ ನ್ಯಾಯವೇ.

ನಮ್ಮೂರು ಮೂಡಲಗಿ. ಈಗ ಅದು ಬೇರೆ ತಾಲೂಕು, ನಾನು ಸಾಲಿಗೆ ಹೋಗೋವಾಗ ಗೋಕಾಕ ತಾಲೂಕಿನಲ್ಲೇ ಇತ್ತು. ಆವಾಗ ಫಾಲ್ಸಿಗೆ ಹೋಗೋದು ಅಂದ್ರೆ ಮೂಡಲಗಿಯಿಂದ ಗೋಕಾಕಕ್ಕೆ ಒಂದು ಬಸ್ಸು, ಅಲ್ಲಿಂದ ಆರು ಕಿಲೋಮೀಟರಿಗೆ ಇನ್ನೊಂದು ಬಸ್ಸು. ಇಳಿದ ತಕ್ಷಣ ಮೊದಲು ಕಿವಿಗೆ ಸದ್ದು, ಆಮೇಲೆ ಮುಖಕ್ಕೆ ತುಂತುರು, ಕೊನೆಗೆ ಕಣ್ಣಿಗೆ ನೀರು. ವಾಪಸ್ ಬರೋವಾಗ ಅಪ್ಪ ಗೋಕಾಕದಲ್ಲಿ ಕಾಲು ಕೆಜಿ ಕರದಂಟು ಕೊಡಿಸ್ತಿದ್ರು. ಇಡೀ ಪ್ರವಾಸದಲ್ಲಿ ನನಗೆ ಮುಖ್ಯ ಅನ್ನಿಸ್ತಿದ್ದದ್ದು ಅದೇ, ಸುಳ್ಳು ಯಾಕೆ ಹೇಳಲಿ :)

ಈ ಸಲ ಕಾರು ಇತ್ತು. ಅಪ್ಪ, ಅಮ್ಮ, ಹೆಂಡತಿ, ನಾನು. ಫಾಲ್ಸ್ ಇನ್ನೂ ಸುಮಾರು ಒಂದೂವರೆ ಕಿಲೋಮೀಟರ್ ಇದೆ ಅನ್ನೋವಾಗಲೇ ಗಾಡಿ ನಿಂತ್ವು. ಇಪ್ಪತ್ತು ನಿಮಿಷಕ್ಕೆ ನೂರು ಮೀಟರು. ಆಮೇಲೆ ನಮ್ಮ ಮುಂದಿನವನು ಪಕ್ಕಕ್ಕೆ ತಿರುಗಿಸಿ ಬಿಟ್ಟು ಇಳಿದು ನಡೆದ. ಅವನ ಹಿಂದೆ ನಾನೂ ಅದನ್ನೇ ಮಾಡಿದೆ. ಎಲ್ಲಿಂದಲೋ ಒಬ್ಬ ಬಂದು ರಸೀದಿ ಹರಿದು ಐವತ್ತು ರೂಪಾಯಿ ತಗೊಂಡ. ರಸೀದಿ ಮೇಲೆ ಯಾವ ಸೀಲೂ ಇಲ್ಲ, ಯಾವ ಹೆಸರೂ ಇಲ್ಲ, ಬರೀ "ವಾಹನ ನಿಲುಗಡೆ" ಅಂತ. ನಾನು ನಿಲ್ಲಿಸಿದ್ದು ಸರಕಾರಿ ರಸ್ತೆ ಮೇಲೆ, ಅವನು ಮಾರಿದ್ದೂ ಅದನ್ನೇ. ಇಬ್ಬರೂ ಖುಷಿ.

ನೀರು ನೋಡಿ ವಾಪಸ್ ಬಂದಾಗ ನಮ್ಮ ಕಾರಿನ ಹತ್ತಿರ ಒಂದು ಕೆಂಪು ಬಸ್ಸು ನಿಂತಿತ್ತು. ಕೊಣ್ಣೂರ ಕಡೆಯಿಂದ ಗೋಕಾಕಕ್ಕೆ ಹೋಗೋ ಬಸ್ಸು. ಎರಡೂ ಕಡೆ ಕಾರು ನಿಂತಿದ್ದರಿಂದ ನಡುವೆ ಉಳಿದದ್ದು ಒಂದು ಜೀಪು ದಾಟೋವಷ್ಟು ಜಾಗ. ಕಂಡಕ್ಟರ್ ಇಳಿದು ಎಲ್ಲಾ ಕಾರಿನ ಕಿಟಕಿ ಬಡೀತಾ ಬರ್ತಿದ್ದ. ಜನ ಇಳಿದು ನಡೆಯೋಕೆ ಶುರು ಮಾಡಿದ್ರು. ಅದರಲ್ಲಿ ಒಬ್ಬರು ಅಜ್ಜ, ಕೈಯಲ್ಲಿ ಎಕ್ಸ್‌ರೇ ಇಟ್ಟಿದ್ದ ದೊಡ್ಡ ಕವರು, ಪಕ್ಕದಲ್ಲಿ ಮಗಳೋ ಸೊಸೆಯೋ. ನಾನು ಅವಸರದಲ್ಲಿ ಕಾರಿನ ಬಾಗಿಲು ತೆಗೆಯೋದನ್ನ ನೋಡಿ ಅಜ್ಜ ಒಂದು ಕ್ಷಣ ನಿಂತ್ರು. "ನೀರು ನೋಡಾಕ ಬಂದೀರೇನಪಾ? ನೋಡ್ರಿ, ನೋಡ್ರಿ" ಅಂದ್ರು. ಸಿಟ್ಟಿಲ್ಲ, ವ್ಯಂಗ್ಯವೂ ಇಲ್ಲ. ಹಂಗೇ ನಡೆದು ಹೋದ್ರು.

ಮೂಡಲಗಿ ಮುಟ್ಟೋವರೆಗೂ ಅಪ್ಪ ನನ್ನ ಜೊತೆ ಮಾತಾಡಲಿಲ್ಲ.

ಈಗ ವಿಷಯಕ್ಕೆ ಬರ್ತೀನಿ. ಈ ಕಥೆಯನ್ನ ಯಾರಿಗೆ ಹೇಳಿದ್ರೂ ಒಂದೇ ಉತ್ತರ: "ಹೌದೋ, ಅಲ್ಲೊಂದು ದೊಡ್ಡ ಪಾರ್ಕಿಂಗ್ ಮಾಡ್ಸಬೇಕು." ಗೆಳೆಯರು ಹೇಳ್ತಾರೆ, ಮಾವ ಹೇಳ್ತಾರೆ, ಕಟಿಂಗ್ ಶಾಪಿನವನೂ ಹೇಳ್ತಾನೆ. ನಮ್ಮ ಜಿಲ್ಲೆಯಲ್ಲಿ ಎಲ್ಲಾ ಪಕ್ಷದವರೂ ಒಪ್ಪೋ ವಿಷಯ ಅಂತ ಒಂದಿದ್ರೆ ಬಹುಶಃ ಇದೇ. ಆದ್ರೆ ನನ್ನ ಪ್ರಕಾರ ಇದು ಪೂರ್ತಿ ತಪ್ಪು. ಫಾಲ್ಸ್ ಹತ್ತಿರ ದೊಡ್ಡ ಪಾರ್ಕಿಂಗ್ ಮಾಡಿದ್ರೆ ಆ ಅಜ್ಜ ಇನ್ನೂ ಹೆಚ್ಚು ದೂರ ನಡೀಬೇಕಾಗತ್ತೆ.

ಹೆಂಗೆ ಅಂತೀರಾ? ಒಂದು ಲೆಕ್ಕ ಹಾಕೋಣ. ಇದು ನಾನು ಊಹೆ ಮಾಡ್ಕೊಂಡ ಅಂಕಿ, ಸರ್ವೆ ಅಲ್ಲ. ನಿಮಗೆ ಬೇಕಾದ ಅಂಕಿ ಹಾಕ್ಕೊಳ್ಳಿ, ಉತ್ತರ ಹೆಚ್ಚು ಬದಲಾಗಲ್ಲ. ಇನ್ನೂರು ಕಾರಿನ ಪಾರ್ಕಿಂಗ್ ಮಾಡಿದ್ವಿ ಅಂತ ಇಟ್ಕೊಳ್ಳಿ. ಒಂದು ಕಾರಿಗೆ ಓಡಾಟದ ದಾರಿನೂ ಸೇರಿ 25 ಚದರ ಮೀಟರ್ ಬೇಕು. ಅಂದ್ರೆ 5000 ಚದರ ಮೀಟರ್, ಒಂದೂಕಾಲು ಎಕರೆಯಷ್ಟು ಜಾಗ, ಬಂಡೆ ಮೇಲೆ, ನದಿ ಪಕ್ಕದಲ್ಲಿ. ಬಂದವರು ಫೋಟೋ, ಮೆಕ್ಕೆತೆನೆ, ಗಿರ್ಮಿಟ್, ಚಾ ಎಲ್ಲಾ ಮುಗಿಸೋಕೆ ಎರಡು ಗಂಟೆ. ಹಂಗಾದ್ರೆ ಒಂದು ಗಂಟೆಗೆ ಖಾಲಿ ಆಗೋದು ನೂರು ಜಾಗ. ಒಂದು ಕಾರಿಗೆ ನಾಲ್ಕು ಜನ ಅಂದ್ರೆ ಗಂಟೆಗೆ ನಾನೂರು ಜನ. ಅಷ್ಟೇ. ಗಂಟೆಗೆ ನೂರಾ ಒಂದನೇ ಕಾರು ಬಂತೋ, ಅದು ರಸ್ತೆ ಮೇಲೆ ನಿಲ್ಲತ್ತೆ. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಆ ಅಜ್ಜನ ಬಸ್ಸು.

ಎಂಜಿನಿಯರಿಂಗ್‌ನಲ್ಲಿ ಆಪರೇಶನ್ಸ್ ರಿಸರ್ಚ್ ಓದಿದವರಿಗೆ ಲಿಟಲ್ಸ್ ಲಾ ನೆನಪಿರಬಹುದು. ಒಳಗಿರೋರ ಸಂಖ್ಯೆ ಅಂದ್ರೆ ಬರೋ ವೇಗ ಗುಣಿಸು ಒಳಗಿರೋ ಸಮಯ. (ಆ ಪೇಪರಿನಲ್ಲಿ ನಾನು ಪಾಸಾಗಿದ್ದು ಎರಡನೇ ಸಲಕ್ಕೆ, ಅದಕ್ಕೇ ಇಷ್ಟು ಚೆನ್ನಾಗಿ ನೆನಪಿದೆ.) ನಮ್ಮ ಆಫೀಸಿನಲ್ಲೂ ದಿನಾ ಇದೇ ಗೋಳು. ಸರ್ವರ್ ನಿಧಾನ ಆಯ್ತು ಅಂದ್ರೆ ಮೊದಲು ಎಲ್ಲರೂ ಕೇಳೋದು ರ್‍ಯಾಮ್ ಹೆಚ್ಚಿಸಿ ಅಂತ. ಹೆಚ್ಚಿಸಿದ ಮೇಲೆ ಎರಡು ವಾರ ಆರಾಮು. ಆಮೇಲೆ ಮತ್ತೆ ತುಂಬತ್ತೆ, ಯಾಕಂದ್ರೆ ತೊಂದರೆ ಇರೋದು ಜಾಗದ್ದಲ್ಲ, ಒಬ್ಬೊಬ್ಬರೂ ಎಷ್ಟು ಜಾಗವನ್ನ ಎಷ್ಟು ಹೊತ್ತು ಹಿಡ್ಕೊಂಡು ಕೂರ್ತಾರೆ ಅನ್ನೋದು. "ಅಲ್ಲಿ ಪಾರ್ಕಿಂಗ್ ಮಾಡ್ಯಾರಂತ" ಅನ್ನೋ ಸುದ್ದಿ ಕೊಲ್ಹಾಪುರ, ಸಾಂಗಲಿವರೆಗೂ ಹೋದ್ಮೇಲೆ ಬಸ್ಸಿನಲ್ಲಿ ಬರ್ತಿದ್ದವನೂ ಕಾರಿನಲ್ಲೇ ಬರ್ತಾನೆ.

ಈಗ ಬಸ್ಸಿನ ಲೆಕ್ಕ. ಗೋಕಾಕದಿಂದ ಫಾಲ್ಸಿಗೆ ಆರು ಕಿಲೋಮೀಟರ್. ರಸ್ತೆ ಖಾಲಿ ಇದ್ರೆ ಹೋಗಿ, ಇಳಿಸಿ, ಹತ್ತಿಸ್ಕೊಂಡು ಬರೋಕೆ ನಲವತ್ತು ನಿಮಿಷ ಅಂತ ಧಾರಾಳವಾಗಿ ಇಟ್ಕೊಳ್ಳಿ. ಎಂಟು ಬಸ್ಸು ಇದ್ರೆ ಐದು ನಿಮಿಷಕ್ಕೊಂದು. ಐವತ್ತು ಜನ ಅಂದ್ರೂ ಗಂಟೆಗೆ ಆರುನೂರು ಜನ. ಫಾಲ್ಸ್ ಹತ್ತಿರ ಬೇಕಾಗೋ ಜಾಗ ಎಷ್ಟು? ಎರಡು ಬಸ್ಸು ನಿಂತು ತಿರುಗೋವಷ್ಟು. ಒಂದೂಕಾಲು ಎಕರೆ ಬಂಡೆ ಒಡೆಯೋದೂ ಬೇಡ, ಕಾಂಕ್ರೀಟ್ ಹಾಕೋದೂ ಬೇಡ, ಉದ್ಘಾಟನೆಯ ಕಲ್ಲೂ ಬೇಡ. ಓಹ್, ಅದೇ ಸಮಸ್ಯೆ ಇರಬೇಕು. ಬಸ್ಸಿಗೆ ಉದ್ಘಾಟನೆಯ ಕಲ್ಲು ಹಾಕೋಕಾಗಲ್ಲ.

ಹಂಗಾದ್ರೆ ಕಾರು ಎಲ್ಲಿ ನಿಲ್ಲಬೇಕು? ಊರಿನಲ್ಲಿ. ಭಾನುವಾರ ಸಾಲಿ ಕಾಲೇಜಿನ ಮೈದಾನಗಳು ಖಾಲಿ, ಎಪಿಎಂಸಿ ಯಾರ್ಡಿನಲ್ಲಿ ಲಾರಿಗಳೇ ನೂರಾರು ನಿಲ್ತವೆ. ಸಂಕೇಶ್ವರ, ಹುಕ್ಕೇರಿ ಕಡೆಯಿಂದ ಬರೋರಿಗೆ ಘಟಪ್ರಭಾದಲ್ಲಿ ಇನ್ನೊಂದು ಜಾಗ. ಅಲ್ಲಿ ರೈಲ್ವೆ ಸ್ಟೇಶನ್ನೂ ಇದೆ, ಮಿರಜ್ ಲೋಂಡಾ ಲೈನಿನಲ್ಲಿ.   ನಾವು ಅಲ್ಲಿ ರೈಲಿಳಿಯೋದನ್ನೇ ಮರೆತ್ವಿ. ಸ್ಟೇಶನ್ನಿಂದ ಫಾಲ್ಸಿಗೆ ಹತ್ತು ಕಿಲೋಮೀಟರಿನ ಆಸುಪಾಸು, ಅಲ್ಲಿಂದ ಸೀದಾ ಒಂದು ಬಸ್ಸು ಬಿಟ್ರೆ ಬೆಳಗಾವಿಯವರು ಕಾರು ತೆಗೆಯೋದೇ ಬೇಡ.

"ಇದೆಲ್ಲಾ ಫಾರಿನ್ನಿನ ಮಾತು, ನಮ್ಮಲ್ಲಿ ನಡಿಯಲ್ಲ" ಅನ್ನೋರಿಗೆ: ನಮ್ಮಲ್ಲೇ ನಡೀತಿದೆ. ಬಂಡೀಪುರದ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿದ್ದೀರಾ? ಕಾರು ಎಷ್ಟೇ ದೊಡ್ಡದಿರಲಿ, ಬೆಟ್ಟದ ಬುಡದಲ್ಲಿ ನಿಲ್ಲಿಸಿ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲೇ ಮೇಲೆ ಹೋಗಬೇಕು. ಮೇಲೆ ಹೋದವರ್‍ಯಾರೂ "ನನ್ನ ಕಾರಿಲ್ಲದೆ ದೇವರು ಸರಿಯಾಗಿ ಕಾಣಲಿಲ್ಲ" ಅಂತ ಹೇಳಿದ್ದು ನಾನಂತೂ ಕೇಳಿಲ್ಲ. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ ಕಡೆಗೆ 2025ರ ಸೆಪ್ಟೆಂಬರ್‌ನಿಂದ ಆನ್‌ಲೈನ್ ಬುಕಿಂಗ್ ತಂದು ಹೊತ್ತಿಗಿಷ್ಟೇ ಗಾಡಿ ಅಂತ ಮಿತಿ ಹಾಕಿದ್ರು. ಅಷ್ಟು ದೂರ ಯಾಕೆ, ನಮ್ಮ ಜಿಲ್ಲೆಯ ಸವದತ್ತಿ ನೋಡಿ. ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಲಕ್ಷಗಟ್ಟಲೆ ಜನ ಬರ್ತಾರೆ, ಚಕ್ಕಡಿಯವರು ಬೇರೆ, ಟ್ರ್ಯಾಕ್ಟರಿನವರು ಬೇರೆ. ಅವತ್ತು ವಾಯವ್ಯ ಸಾರಿಗೆಯವರು ಜಾತ್ರಾ ವಿಶೇಷ ಅಂತ ಬೋರ್ಡ್ ಹಾಕ್ಕೊಂಡು ಬಸ್ ಮೇಲೆ ಬಸ್ ಬಿಡ್ತಾರೆ. ಆ ವಿದ್ಯೆ ನಮ್ಮ ಡಿಪೋಗಳಿಗೆ ಗೊತ್ತಿರೋದೇ. ಫಾಲ್ಸಿನದು ಹತ್ತು ಹನ್ನೆರಡು ಭಾನುವಾರದ ಜಾತ್ರೆ, ಅಷ್ಟೇ ವ್ಯತ್ಯಾಸ.

ಫಾರಿನ್ನಿಂದೇ ಬೇಕು ಅಂದ್ರೂ ಒಂದಿದೆ. ಎರಡು ವರ್ಷದ ಹಿಂದೆ ಆನ್‌ಸೈಟ್ ಅಂತ ಅಮೆರಿಕಾಕ್ಕೆ ಕಳಿಸಿದ್ರು, ಆವಾಗ ಟೀಮಿನವರ ಜೊತೆ ಹವಾಯಿಯ ಕವಾಯಿ ದ್ವೀಪಕ್ಕೆ ಹೋಗಿದ್ದೆ. ಅಲ್ಲಿ ರಸ್ತೆ ಮುಗಿಯೋ ತುದಿಯಲ್ಲಿ ಹಾಏನಾ ಅಂತ ಪಾರ್ಕು, ಅದರೊಳಗೆ ಕೇ ಬೀಚು. ದಡದಿಂದಲೇ ನೀರಿಗಿಳಿದು ಮೀನು ನೋಡೋರಿಗೆ ಅದು ಕಾಶಿ ಇದ್ದಂಗೆ. ಮೊದಲು ಅಲ್ಲೂ ನಮ್ಮ ಫಾಲ್ಸಿನ ಕಥೆಯೇ. ಸಣ್ಣ ರಸ್ತೆ, ಒಂದೇ ಗಾಡಿ ದಾಟೋ ಸೇತುವೆಗಳು, ಎರಡೂ ಬದಿ ಕಾರು, ಊರವರಿಗೆ ಮನೆಗೆ ಹೋಗೋಕೂ ಕಷ್ಟ. 2018ರ ಏಪ್ರಿಲ್‌ನಲ್ಲಿ ಭಾರೀ ಮಳೆ ಬಿದ್ದು, ಗುಡ್ಡ ಕುಸಿದು, ರಸ್ತೆ ಒಂದು ವರ್ಷಕ್ಕಿಂತ ಹೆಚ್ಚು ಮುಚ್ಚಿತು. 2019ರ ಜೂನ್‌ನಲ್ಲಿ ತೆಗೆಯೋವಾಗ ಅವರು "ಈಗ ದೊಡ್ಡ ಪಾರ್ಕಿಂಗ್ ಮಾಡೋಣ" ಅನ್ನಲಿಲ್ಲ. ದಿನಕ್ಕೆ ಪ್ರವಾಸಿಗಳು 900 ಮಾತ್ರ, ಕಾರಿನ ಜಾಗ ಮೊದಲೇ ಬುಕ್ ಮಾಡಿರಬೇಕು, ಇಲ್ಲದಿದ್ರೆ ದೂರದಲ್ಲಿ ಕಾರು ಬಿಟ್ಟು ಶಟಲ್ ಬಸ್ಸಿನಲ್ಲಿ ಬನ್ನಿ ಅಂದ್ರು. ಹವಾಯಿಯವರಿಗೆ ಮಾತ್ರ ಗುರುತಿನ ಚೀಟಿ ತೋರಿಸಿದ್ರೆ ದುಡ್ಡೂ ಇಲ್ಲ, ಬುಕಿಂಗೂ ಇಲ್ಲ. ನಾವು ಶಟಲ್ಲಿನಲ್ಲೇ ಹೋದ್ವಿ. ನನಗೆ ಈಜು ಬರಲ್ಲ, ಮಂಡಿವರೆಗೂ ನೀರಿನಲ್ಲಿ ನಿಂತು ಮುಖ ಅದ್ದಿ ಒಂದು ಹಳದಿ ಮೀನು ನೋಡಿ ಬಂದೆ. ಆದ್ರೆ ಬಸ್ಸಿನ ಕಿಟಕಿಯಿಂದ ಕಂಡ ಖಾಲಿ ರಸ್ತೆ ಈಗಲೂ ಕಣ್ಣಲ್ಲಿದೆ.

ಗೋಕಾಕಕ್ಕೆ ಇನ್ನೊಂದು ಅನುಕೂಲ ಇದೆ, ಅದನ್ನ ಯಾರೂ ಬಳಸ್ಕೊಂಡಿಲ್ಲ ಅನ್ನೋದೇ ನನ್ನ ದೊಡ್ಡ ಹೊಟ್ಟೆಯುರಿ. ನಮ್ಮಲ್ಲಿ ಜನ ಯಾವಾಗ ಬರ್ತಾರೆ ಅಂತ ಮೊದಲೇ ಗೊತ್ತಾಗತ್ತೆ!

ಗೋಕಾಕ ಫಾಲ್ಸ್ ಬೇಸಿಗೆಯಲ್ಲಿ ನೋಡಿದವರಿಗೆ ಗೊತ್ತು, ಬರೀ ಕಲ್ಲು. ಘಟಪ್ರಭೆಯ ನೀರನ್ನ ಮೇಲೆ ಧೂಪದಾಳದಲ್ಲೇ ಬ್ರಿಟಿಷರ ಕಾಲದ ಒಡ್ಡು ತಡೆದು ಕಾಲುವೆಗೆ ತಿರುಗಿಸತ್ತೆ. ಅದಕ್ಕೂ ಮೇಲೆ ಹುಕ್ಕೇರಿ ತಾಲೂಕಿನಲ್ಲಿ ಹಿಡಕಲ್ ಜಲಾಶಯ, 51 ಟಿಎಂಸಿ. ಹಿಡಕಲ್ ತುಂಬಿ ಗೇಟು ತೆಗೆದ್ರೆ, ಅದರ ಜೊತೆ ಸಂಕೇಶ್ವರದ ಕಡೆಯಿಂದ ಹಿರಣ್ಯಕೇಶಿ ನೀರು ಸೇರಿದ್ರೆ, ಧೂಪದಾಳದ ಒಡ್ಡು ಉಕ್ಕಿ ನಮ್ಮ ಫಾಲ್ಸ್ 52 ಮೀಟರ್ ಕೆಳಗೆ ಕೆಂಪಗೆ ಧುಮುಕತ್ತೆ. ಅಂದ್ರೆ ಫಾಲ್ಸಿಗೆ ಒಂದು ನಲ್ಲಿ ಇದೆ ಅನ್ನಿ. ಆ ನಲ್ಲಿ ತಿರುಗಿಸೋ ಮುಂಚೆ ನದಿ ದಂಡೆಯ ಊರುಗಳಿಗೆ ಎಚ್ಚರಿಕೆ ಕೊಡ್ತಾರೆ, ಎಷ್ಟು ಕ್ಯೂಸೆಕ್ ಅಂತ ಮರುದಿನದ ಪೇಪರಿನಲ್ಲಿ ಬರತ್ತೆ, ಟಿವಿಯವರು ಡ್ರೋನ್ ಹಾರಿಸ್ತಾರೆ, ಎಲ್ಲರ ವಾಟ್ಸಾಪಿಗೂ ವಿಡಿಯೋ ಬರತ್ತೆ. ಅದರ ಮುಂದಿನ ಭಾನುವಾರ ಗದ್ದಲ. ಇದಕ್ಕೆ ಆರ್ಟಿಫಿಶಿಯಲ್ ಇಂಟೆಲಿಜೆನ್ಸ್ ಬೇಡ, ಕ್ಯಾಲೆಂಡರ್ ಸಾಕು.

ಎಷ್ಟು ಊರಿಗೆ ಈ ಭಾಗ್ಯ ಇದೆ ಹೇಳಿ? ಆಗುಂಬೆಗೆ ಮಂಜು ಯಾವಾಗ ಇಳಿಯತ್ತೆ ಅಂತ ಮೂರು ದಿನ ಮೊದಲು ಯಾರೂ ನೋಟಿಸ್ ಕೊಡಲ್ಲ. ಇಲ್ಲಿ ಅಣೆಕಟ್ಟಿನವರು ಕೊಡೋ ಅದೇ ನೋಟಿಸಿನ ಕೆಳಗೆ ಇನ್ನೆರಡು ಸಾಲು ಸೇರಿಸಿದ್ರೆ ಆಯ್ತು: ಈ ಶನಿವಾರ, ಭಾನುವಾರ ಫಾಲ್ಸಿಗೆ ಖಾಸಗಿ ಕಾರು ಬಿಡೋದಿಲ್ಲ, ಗೋಕಾಕ ಮತ್ತು ಘಟಪ್ರಭಾದಿಂದ ಬಸ್ಸು ಇದೆ. ವರ್ಷಪೂರ್ತಿ ನಿಯಮ ಬೇಡ. ಮಾರ್ಚ್ ತಿಂಗಳಲ್ಲಿ ಕಲ್ಲು ನೋಡೋಕೆ ಬರೋನು ಬೇಕಾದ್ರೆ ಟ್ರ್ಯಾಕ್ಟರಿನಲ್ಲೇ ಬರಲಿ.

ಇನ್ನೊಂದು ಮಾತು, ಇದು ತಮಾಷೆಯದಲ್ಲ. ಗೇಟು ತೆಗೆದ ವಾರವೇ ನಮ್ಮ ಕಡೆ ಪ್ರವಾಹದ ವಾರವೂ ಹೌದು. 2019ರ ಆಗಸ್ಟ್‌ನಲ್ಲಿ ಲೋಳಸೂರ ಸೇತುವೆ ಮುಳುಗಿತ್ತು, ಗೋಕಾಕದ ಓಣಿಗಳಲ್ಲಿ ನೀರು ನುಗ್ಗಿತ್ತು. 2021ರ ಜುಲೈನಲ್ಲಿ ಮತ್ತೆ. ಅಂಥಾ ದಿನಗಳಲ್ಲಿ ಪೊಲೀಸರು ಎಲ್ಲಿರಬೇಕು? ನೀರು ಹೊಕ್ಕ ಓಣಿಗಳಲ್ಲಿ. ನಾವು ಅವರನ್ನ ಎಲ್ಲಿ ನಿಲ್ಲಿಸ್ತಿದ್ದೀವಿ? ಫಾಲ್ಸ್ ರಸ್ತೆಯಲ್ಲಿ, ಸೀಟಿ ಊದ್ಕೊಂಡು, "ರಿವರ್ಸ್ ತಗೋರಿ, ರಿವರ್ಸ್ ತಗೋರಿ" ಅನ್ನೋಕೆ. ನಾನು ಬೆಂಗಳೂರಿನಿಂದ ತಂದ ಒಂದು ಕಾರಿಗೆ ಒಬ್ಬ ಪೊಲೀಸಿನವರ ಹತ್ತು ನಿಮಿಷ ಹೋಗಿರಬಹುದು. ಅದನ್ನ ನಿಂತ ಕಾರುಗಳ ಸಂಖ್ಯೆಯಿಂದ ಗುಣಿಸಿ ನೋಡಿ.

ಪಾರ್ಕಿಂಗಿಗೂ ಜೀವಕ್ಕೂ ಇನ್ನೊಂದು ಸಂಬಂಧ ಇದೆ, ಅದು ನನಗೆ ಹೊಳೆದದ್ದು ಅಲ್ಲಿ ನಿಂತಾಗಲೇ. ಗೋಕಾಕ ಫಾಲ್ಸ್ ಅಂದ್ರೆ ಕುದುರೆ ಲಾಳದ ಥರ ಬಾಗಿದ ಉದ್ದ ಬಂಡೆ ಅಂಚು. ಮೇಲೆ ಮಹಾಲಿಂಗೇಶ್ವರ ಗುಡಿ, ಮಿಲ್ಲು, 200 ಮೀಟರ್ ಉದ್ದದ ತೂಗುಸೇತುವೆ. ಎಲ್ಲಾ ಕಡೆಯಿಂದಲೂ ಬಂಡೆಗೆ ಇಳಿಯಬಹುದು. ಜನ ಎಲ್ಲಿಂದ ಇಳೀತಾರೆ? ತಮ್ಮ ಕಾರು ನಿಂತಲ್ಲಿಂದ. ಕಾರು ರಸ್ತೆಗುಂಟ ಒಂದು ಕಿಲೋಮೀಟರ್ ಹರಡಿದ್ರೆ ಬಂಡೆಗೆ ಇಳಿಯೋ ಕಾಲುದಾರಿಯೂ ಅಷ್ಟೇ ಹರಡತ್ತೆ. ಪಾಚಿ ಕಟ್ಟಿದ ಕಲ್ಲಿನ ಮೇಲೆ ಬೆನ್ನು ನೀರಿನ ಕಡೆ ಮಾಡಿ ಸೆಲ್ಫಿ ತಗೊಳ್ಳೋರನ್ನ ಯಾವ ಹೋಮ್‌ಗಾರ್ಡ್ ಎಲ್ಲಿ ಅಂತ ಕಾಯ್ತಾನೆ? ಜಾರಿ ಬಿದ್ದವರ ಸುದ್ದಿ ಓದಿ "ಅಯ್ಯೋ ಪಾಪ, ಹುಡುಗ್ರಿಗೆ ಬುದ್ಧಿ ಇಲ್ಲ" ಅಂತ ಪೇಪರ್ ಮಡಚಿ ಇಡ್ತೀವಿ. ಬುದ್ಧಿ ಇಲ್ಲದಿರೋದು ಹುಡುಗರಿಗೆ ಮಾತ್ರ ಅಲ್ಲ. ಬಸ್ಸು ಒಂದೇ ಕಡೆ ಇಳಿಸತ್ತೆ, ಒಂದೇ ಕಡೆ ಹತ್ತಿಸ್ಕೊಳ್ಳತ್ತೆ. ಅಲ್ಲಿಂದ ಒಂದೇ ದಾರಿ, ಅದಕ್ಕೆ ಕಟಕಟೆ, ಅಲ್ಲಿ ಇಬ್ಬರು ಕಾವಲು. ಜೊತೆಗೆ ಎಷ್ಟು ಟಿಕೆಟ್ ಹೋಯ್ತು, ಎಷ್ಟು ಜನ ವಾಪಸ್ ಬಂದ್ರು ಅಂತ ಲೆಕ್ಕ ಸಿಗತ್ತೆ. ಮೇಲಿಂದ ಇನ್ನೂ ಹೆಚ್ಚು ನೀರು ಬಿಡ್ತಾರೆ ಅಂತ ಗೊತ್ತಾದ ಗಂಟೆಯಲ್ಲಿ ಊರಿನಿಂದ ಬಸ್ಸು ನಿಲ್ಲಿಸಿಬಿಡಬಹುದು. ಕಾರುಗಳನ್ನ ನಿಲ್ಲಿಸೋಕೆ ಯಾವ ಸ್ವಿಚ್ ಇದೆ?

ಇದಕ್ಕೆ ವಿರೋಧ ಬರೋದು ಗೊತ್ತು. ಊರಲ್ಲಿ ಚಾ ಅಂಗಡಿಯಲ್ಲಿ ಈ ಮಾತೆತ್ತಿದಾಗಲೇ ಬಂತು.

ಒಬ್ಬರು ಅಂದ್ರು, ಅಲ್ಲಿ ಮೆಕ್ಕೆತೆನೆ, ಬಜಿ ಮಾರೋರ ಹೊಟ್ಟೆ ಮೇಲೆ ಹೊಡೀತೀಯಲ್ಲೋ. ನಾನು ತೆನೆ ಮಾರೋ ಅಕ್ಕನನ್ನೇ ಅವತ್ತು ಕೇಳಿದ್ದೆ. ಅವಳು ಹೇಳಿದ್ದು, ಕಾರಿನವರು ಜಾಗ ಸಿಗದೆ ಸಿಟ್ಟಿನಲ್ಲಿ ಹಂಗೇ ತಿರುಗಿ ಹೋಗ್ತಾರೆ, ಬಂದವರೂ ಕಾರಿನೊಳಗಿಂದ ಚಿಪ್ಸ್ ಪಾಕೀಟು ತೆಗೀತಾರೆ ಅಂತ. ಬಸ್ಸಿಳಿದವನ ಕೈ ಖಾಲಿ ಇರತ್ತೆ, ವಾಪಸ್ ಬಸ್ಸಿಗೆ ಕಾಯೋವಾಗ ಹತ್ತು ನಿಮಿಷ ಇರತ್ತೆ. ತೆನೆ ಮಾರೋಕೆ ಅದಕ್ಕಿಂತ ಒಳ್ಳೇ ಗಿರಾಕಿ ಬೇಕಾ?

ವಯಸ್ಸಾದವರು, ನಡೆಯೋಕಾಗದವರು ಏನು ಮಾಡಬೇಕು? ಇದು ನಿಜವಾದ ಪ್ರಶ್ನೆ, ಇದಕ್ಕೆ ನಾನು ತಲೆಬಾಗ್ತೀನಿ. ಬಸ್ ನಿಲ್ಲೋ ಜಾಗದಲ್ಲೇ ಹತ್ತು ಕಾರಿನ ಜಾಗ ಅಂಥವರಿಗೆ ಮಾತ್ರ ಇಡಲಿ. ನಮ್ಮ ಅಮ್ಮನ ಮಂಡಿ ನೋವು ಇದ್ದರೂ ಅವತ್ತು ಸುಮಾರು ಒಂದೂವರೆ ಕಿಲೋಮೀಟರ್ ಹೋಗಿ ಅಷ್ಟೇ ದೂರ ಬಂದರು, ಯಾಕಂದ್ರೆ ನನ್ನ ಕಾರು ಅಲ್ಲಿಯೇ ನಿಂತಿತ್ತು. ಕಾರು ಇದ್ದದ್ದರಿಂದ ಅವರು ನಡೆದದ್ದು ಹೆಚ್ಚೇ ಹೊರತು ಕಡಿಮೆ ಅಲ್ಲ. ಬಸ್ಸು ಅವರನ್ನ ಹತ್ತಿರವೇ ಇಳಿಸ್ತಿತ್ತು.

ದುಡ್ಡು ಎಲ್ಲಿಂದ? ಊರಿನ ಮೈದಾನದಲ್ಲಿ ಕಾರಿಗೆ ನೂರು ರೂಪಾಯಿ ತಗೊಳ್ಳಿ, ಅದರಲ್ಲೇ ಎಲ್ಲರಿಗೂ ಬಸ್ ಟಿಕೆಟ್ ಸೇರಿಸಿ. ಸೀಲ್ ಇರೋ ರಸೀದಿ ಕೊಡಿ, ಐವತ್ತು ಕೊಟ್ಟು ರಸ್ತೆ ಕೊಂಡವನು ನೂರು ಕೊಡಲ್ವಾ? ಕಾರಿಲ್ಲದೆ ಮಾಮೂಲಿ ಬಸ್ಸಿನಲ್ಲಿ ಬರೋರ ಹತ್ತಿರ ಮಾತ್ರ ಒಂದು ರೂಪಾಯಿನೂ ಹೆಚ್ಚು ತಗೋಬಾರದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ನಮ್ಮ ಕಡೆ ಹೆಣ್ಣುಮಕ್ಕಳು ಗುಂಪು ಕಟ್ಕೊಂಡು ಬಸ್ಸಿನಲ್ಲಿ ಫಾಲ್ಸಿಗೆ ಬರೋದು ನೋಡ್ತಿದ್ದೀನಿ. ಬುತ್ತಿ ಕಟ್ಕೊಂಡು ಬಂದು, ನೀರು ನೋಡಿ, ರೊಟ್ಟಿ ತಿಂದು ಹೋಗ್ತಾರೆ. ಒಂದು ಬಸ್ಸಿನಲ್ಲಿ ಐವತ್ತು ಜನ. ಅವರನ್ನ ದಾರಿಯಲ್ಲಿ ಕೂರಿಸಿ ಕಾಯಿಸೋದು ನಾಲ್ಕು ಜನ ಕೂತ ನನ್ನ ಕಾರು. ಇದರಲ್ಲಿ ಪ್ರವಾಸೋದ್ಯಮ ಯಾವುದು, ಅಡ್ಡಿ ಯಾವುದು?

"ಹಂಗಾದ್ರ ಮಂದಿ ಗೊಡಚಿನಮಲ್ಕಿಗೆ ಹೋಗ್ತಾರ" ಅಂದ ಇನ್ನೊಬ್ಬ. ಇದು ಮಾತ್ರ ಸರಿಯಾದ ಹೆದರಿಕೆ. ಗೊಡಚಿನಮಲ್ಕಿ ಮಾರ್ಕಂಡೇಯ ನದಿಯ ಮೇಲಿನ ಜಲಪಾತ, ಎತ್ತರದಲ್ಲಿ ಗೋಕಾಕದ್ದಕ್ಕಿಂತ ಸಣ್ಣದು, ನೋಡೋಕೆ ನನಗೆ ಅದೇ ಇಷ್ಟ. ಅಲ್ಲಿ ಹೋಗೋ ದಾರಿ ಇನ್ನೂ ಇಕ್ಕಟ್ಟು. ಒಂದು ಕಡೆ ಬಾಗಿಲು ಹಾಕಿದ್ರೆ ನೀರು ಇನ್ನೊಂದು ಕಡೆ ಹರಿಯತ್ತೆ, ಜನರೂ ಹಂಗೇ. ಆದ್ದರಿಂದ ನಿಯಮ ಎರಡಕ್ಕೂ ಒಟ್ಟಿಗೇ ಬರಬೇಕು. ಗೋಕಾಕದ ಅದೇ ಮೈದಾನದಿಂದ ಎರಡನೇ ಬಸ್ಸು ಅಲ್ಲಿಗೆ. ಹೆಂಗೂ ಎರಡನ್ನೂ ಒಂದೇ ದಿನ ನೋಡೋರೇ ಹೆಚ್ಚು.

ಕೊನೆಯದಾಗಿ, "ನಾವು ದುಡ್ಡು ಕೊಟ್ಟು ಕಾರು ತಗೊಂಡಿದ್ದು ಯಾಕೆ?" ಇದನ್ನ ಕೇಳಿದವನು ನನ್ನ ಕಾಲೇಜಿನ ಗೆಳೆಯ, ಪುಣೆಯಲ್ಲಿ ನನ್ನಂಥದ್ದೇ ಕೆಲಸ. ಅವನಿಗೆ ನಾನು ಹೇಳಿದ್ದು: ನೀನು ಕಾರು ಕೊಂಡೆ, ರಸ್ತೆ ಕೊಂಡಿಲ್ಲ. ಮಿಲ್ಲಿನ ಕಾಲೋನಿಯವರ, ಕೊಣ್ಣೂರಿನವರ ದಿನನಿತ್ಯದ ದಾರಿ ಅದು. ಅವರ ಪಾಲಿಗೆ ಫಾಲ್ಸ್ ಅಂದ್ರೆ ಇನ್‌ಸ್ಟಾಗ್ರಾಮ್ ಅಲ್ಲ, ಮನೆ ಪಕ್ಕದ ಸದ್ದು. ಹತ್ತೊಂಬತ್ತನೇ ಶತಮಾನದಲ್ಲಿ ಈ ನೀರಿನ ಬಲ ನೋಡಿಯೇ ಅಲ್ಲಿ ಹತ್ತಿ ಮಿಲ್ಲು ಕಟ್ಟಿದ್ದು, ತಲೆಮಾರುಗಟ್ಟಲೆ ಜನ ಪಾಳಿ ಪ್ರಕಾರ ಆ ರಸ್ತೆಯಲ್ಲಿ ಕೆಲಸಕ್ಕೆ ನಡೆದಿದ್ದಾರೆ. ನಾವು ಎರಡು ಗಂಟೆ ಬಂದು ಹೋಗೋರು. ಗೆಳೆಯ ಸುಮ್ಮನಾದ. ಒಪ್ಪಿದನೋ, ಬೇಜಾರಾಯ್ತೋ ಗೊತ್ತಾಗಲಿಲ್ಲ.

ನಾನು ಇಷ್ಟನ್ನೂ ಎರಡು ಪುಟದ ಮನವಿ ಮಾಡಿ ಬರೆದಿದ್ದೀನಿ. ಲೆಕ್ಕ, ಬಸ್ಸಿನ ಸಂಖ್ಯೆ, ಮೈದಾನಗಳ ಪಟ್ಟಿ, ಹಿಡಕಲ್ ನೋಟಿಸಿಗೆ ಸೇರಿಸಬೇಕಾದ ಎರಡು ಸಾಲು, ಎಲ್ಲಾ. ಸಾಫ್ಟ್‌ವೇರ್ ಭಾಷೆ ಬರದಂತೆ ಅಪ್ಪನ ಹತ್ತಿರ ತಿದ್ದಿಸಿದ್ದೀನಿ. "ಥ್ರೂಪುಟ್" ಅನ್ನೋದನ್ನ ಹೊಡೆದು ಹಾಕಿ "ಹೋಗಿ ಬರೋ ಮಂದಿ" ಅಂತ ಬರೆದ್ರು, ಅದೇ ಸರಿ ಇದೆ. ಮೇ ತಿಂಗಳಲ್ಲಿ ಊರಿಗೆ ಹೋದಾಗ ತಹಶೀಲ್ದಾರ್ ಕಚೇರಿಯಲ್ಲೂ ಬಸ್ ಡಿಪೋದಲ್ಲೂ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸ್ಕೊಂಡು ಬರ್ತೀನಿ. ಮಳೆಗಿಂತ ಮೊದಲೇ ಕೊಡಬೇಕು, ಗೇಟು ತೆಗೆದ ಮೇಲೆ ಅವರಿಗೂ ಪುರುಸೊತ್ತಿರಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯವರು ಯಾರಾದ್ರೂ ಸಹಿ ಹಾಕೋಕೆ ತಯಾರಿದ್ರೆ ಮೇ ಎರಡನೇ ಶನಿವಾರದೊಳಗೆ ತಿಳಿಸಿ. ಈಗ ಹನ್ನೊಂದು ಸಹಿ ಆಗಿವೆ. ಅದರಲ್ಲಿ ಒಂದು ಆ ತೆನೆ ಮಾರೋ ಅಕ್ಕನದು, ಇನ್ನೊಂದು ಕಾರಿನ ಕಿಟಕಿ ಬಡೀತಿದ್ದ ಕಂಡಕ್ಟರದು. ಅವರನ್ನ ದೀಪಾವಳಿಗೆ ಹೋದಾಗ ಗೋಕಾಕ ಬಸ್‌ಸ್ಟ್ಯಾಂಡಿನಲ್ಲಿ ಹುಡುಕಿ ಮಾತಾಡಿಸಿದೆ. ನನ್ನ ಕಾರು ಅವರಿಗೆ ಚೆನ್ನಾಗಿ ನೆನಪಿತ್ತು.